ಮಾಸ್ಟರಿಂಗ್‌ನಲ್ಲಿ ಇಕ್ಯೂ: ಕದಲದ ಶ್ರುತಿಯ ಸಂಗೀತಕ್ಕೆ ಯಾವುದು ಹೊಂದುತ್ತದೆ

ಮಿಕ್ಸಿಂಗ್, ಅಂದರೆ ಬೇರೆಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಬೆರೆಸುವ ಕೆಲಸ, ಮುಗಿದು ಎಡ, ಬಲ ಎಂಬ ಎರಡೇ ಚಾನೆಲ್‌ಗಳಾಗಿ ಕೈಗೆ ಬಂದ ಮುದ್ರಣದಲ್ಲಿ ಗಾಯಕರ ಧ್ವನಿ, ತಂಬೂರಿ, ಪಿಟೀಲು, ಮೃದಂಗ, ಘಟಗಳು ಹಾಲಿನಲ್ಲಿ ಸಕ್ಕರೆ ಕರಗಿದಂತೆ ಬೆರೆತುಹೋಗಿರುತ್ತವೆ. ಅದನ್ನು ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಹಂತವೇ ಮಾಸ್ಟರಿಂಗ್. ಆ ಹಂತದಲ್ಲಿ ಈಕ್ವಲೈಸರ್‌ನ (ಇಕ್ಯೂ, ಅಂದರೆ ಆಯ್ದ ಕಂಪನಾಂಕಗಳನ್ನು ಏರಿಸುವ, ಇಳಿಸುವ ಸಾಧನ) ಒಂದು ಗುಂಡಿಯನ್ನು ಅರ್ಧ ಡೆಸಿಬೆಲ್‌ನಷ್ಟು ತಿರುಗಿಸಿದರೂ ಅದು ಇವೆಲ್ಲವನ್ನೂ ಒಟ್ಟಿಗೆ ಮುಟ್ಟುತ್ತದೆ. ಮೃದಂಗದ ಎಡಭಾಗಕ್ಕೆಂದು ಮಾಡಿದ ತಿದ್ದುಪಡಿ ತಂಬೂರಿಯ ಮಂದ್ರ ತಂತಿಯನ್ನೂ, ಪಿಟೀಲಿನ ಕರ್ಕಶತೆಗೆಂದು ಮಾಡಿದ ತಿದ್ದುಪಡಿ ಸಾಹಿತ್ಯದ ಸ್ಪಷ್ಟತೆಯನ್ನೂ ಬದಲಿಸುತ್ತದೆ. ಹೀಗಾಗಿ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಯೋಚಿಸುವ ಮೊದಲು, ಯಾವ ಬಗೆಯ ಇಕ್ಯೂ ಈ ಕೆಲಸಕ್ಕೆ ತಕ್ಕದ್ದು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಈ ಹೋಲಿಕೆಗೆ ನಾನು ಕರ್ನಾಟಕ ಸಂಗೀತದ ಹಾಡುಗಾರಿಕೆಯ ಮುದ್ರಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಮಾಸ್ಟರಿಂಗ್ ಕಲಿಸುವ ಪಾಠಗಳಲ್ಲಿ ಬಹುಪಾಲು ಪಾಶ್ಚಾತ್ಯ ಪಾಪ್ ಮತ್ತು ರಾಕ್ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ಅಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಬದಲಾಗುತ್ತಾ ಹೋಗುವುದರಿಂದ ಒಂದು ಕಂಪನಾಂಕದಲ್ಲಿ ಮಾಡಿದ ಕಡಿತ ಒಮ್ಮೆ ಒಂದು ಸ್ವರದ ಮೇಲೆ, ಮತ್ತೊಮ್ಮೆ ಇನ್ನೊಂದರ ಮೇಲೆ ಬಿದ್ದು ಹಂಚಿಹೋಗುತ್ತದೆ. ನಮ್ಮ ಸಂಗೀತದಲ್ಲಿ ಆಧಾರ ಷಡ್ಜ ಆರಂಭದಿಂದ ಮಂಗಳದವರೆಗೆ ಕದಲುವುದಿಲ್ಲ, ತಂಬೂರಿ ನಿಲ್ಲುವುದಿಲ್ಲ. ಆದ್ದರಿಂದ ಕಿರಿದಾದ ಕಡಿತವೊಂದು ಎರಡು ಗಂಟೆಯ ಕಛೇರಿಯುದ್ದಕ್ಕೂ ಅದೇ ಸ್ವರದ ಮೇಲೆ, ತಂಬೂರಿಯ ಅದೇ ಅಧಿಸ್ವರದ (ಮೂಲಸ್ವರದ ಜೊತೆ ಅದರ ಮೇಲೆ ಮೂಡುವ ಸ್ವರ) ಮೇಲೆ ಕುಳಿತಿರುತ್ತದೆ. ಮುಂದಿನ ಪ್ರತಿಯೊಂದು ಆಯ್ಕೆಯನ್ನೂ ನಾನು ತೂಗಿರುವುದು ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು.

ಮಾಸ್ಟರಿಂಗ್‌ನಲ್ಲೋ, ಮಿಕ್ಸಿಂಗ್‌ನಲ್ಲೋ

ಮೊದಲ ಆಯ್ಕೆ ಯಾವ ಯಂತ್ರ ಅಥವಾ ತಂತ್ರಾಂಶ ಎಂಬುದಕ್ಕೆ ಸಂಬಂಧಿಸಿದ್ದಲ್ಲ. ತಿದ್ದುಪಡಿ ಎಲ್ಲಿ ಆಗಬೇಕು ಎಂಬುದಕ್ಕೆ ಸಂಬಂಧಿಸಿದ್ದು. ದೋಷ ಒಂದೇ ವಾದ್ಯಕ್ಕೆ ಸೇರಿದ್ದಾದರೆ, ಉದಾಹರಣೆಗೆ ಗಾಯಕರು ಮೈಕಿಗೆ ತೀರ ಹತ್ತಿರ ಕುಳಿತದ್ದರಿಂದ ಧ್ವನಿಯ ತಗ್ಗು ಭಾಗ ಊದಿಕೊಂಡಿದ್ದರೆ, ಅಥವಾ ಪಿಟೀಲಿಗೆ ಅಂಟಿಸಿದ ಪಿಕಪ್‌ನಿಂದ ಕೀರಲು ಸದ್ದು ಬಂದಿದ್ದರೆ, ಅದನ್ನು ಮಿಕ್ಸಿಂಗ್ ಮಾಡಿದವರಿಗೆ ಹಿಂದಿರುಗಿಸಿ ಆ ಒಂದು ಟ್ರ್ಯಾಕ್‌ನಲ್ಲೇ ಸರಿಪಡಿಸಲು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ 4 ಡೆಸಿಬೆಲ್ ಕಡಿತ ಮಾಡಿದರೂ ಉಳಿದ ವಾದ್ಯಗಳಿಗೆ ಏನೂ ಆಗುವುದಿಲ್ಲ. ಅದೇ ಕಡಿತವನ್ನು ಮಾಸ್ಟರ್‌ನಲ್ಲಿ ಮಾಡಿದರೆ ಇಡೀ ಮೇಳದ ಬಣ್ಣವೇ ಬದಲಾಗುತ್ತದೆ. ಯಾವುದೇ ಭಾಗದಲ್ಲಿ 3 ಡೆಸಿಬೆಲ್‌ಗಿಂತ ಹೆಚ್ಚು ತಿದ್ದಬೇಕು ಎನಿಸಿದರೆ ನಾನು ಮಾಸ್ಟರಿಂಗ್ ನಿಲ್ಲಿಸಿ ಮಿಕ್ಸ್ ಕಡೆಗೆ ಹೋಗುತ್ತೇನೆ. ಇದು ಯಾರೂ ವಿಧಿಸಿದ ನಿಯಮವಲ್ಲ, ಅನುಭವದಿಂದ ನನಗೆ ನಾನೇ ಹಾಕಿಕೊಂಡ ಗೆರೆ.

ಹಿಂದಿರುಗಿಸಲು ಸಾಧ್ಯವಾಗದ ಸಂದರ್ಭಗಳೂ ಸಾಕಷ್ಟಿವೆ. ರಾಮನವಮಿಯ ಚಪ್ಪರದ ಕಛೇರಿಗಳಲ್ಲಿ, ಸಣ್ಣ ಸಭೆಗಳಲ್ಲಿ ಧ್ವನಿವರ್ಧಕದ ಬೋರ್ಡ್‌ನಿಂದ ನೇರವಾಗಿ ತೆಗೆದ ಎರಡು ಚಾನೆಲ್‌ಗಳ ಮುದ್ರಣವೇ ಸಿಗುತ್ತದೆ. ಬೇರೆ ಟ್ರ್ಯಾಕ್‌ಗಳು ಇರುವುದೇ ಇಲ್ಲ. ಬೋರ್ಡ್ ಮುದ್ರಣದ ಸ್ವಭಾವವನ್ನು ಇಲ್ಲಿ ಅರಿತಿರಬೇಕು: ಸಭಾಂಗಣದಲ್ಲಿ ತಾನಾಗಿಯೇ ಜೋರಾಗಿ ಕೇಳುವ ಮೃದಂಗಕ್ಕೆ ಮೈಕಿನ ಮಟ್ಟವನ್ನು ಕಡಿಮೆ ಇಟ್ಟಿರುತ್ತಾರೆ, ಆದ್ದರಿಂದ ಮುದ್ರಣದಲ್ಲಿ ಅದು ಬಡವಾಗಿ ಕೇಳುತ್ತದೆ. ಆ ಕೊರತೆ ಪ್ರಮಾಣದ್ದು, ಬಣ್ಣದ್ದಲ್ಲ. ಇಕ್ಯೂನಿಂದ ತಗ್ಗು ಭಾಗವನ್ನು ಏರಿಸಿ ಅದನ್ನು ತುಂಬಲು ಹೊರಟರೆ ಮೃದಂಗ ಹತ್ತಿರ ಬರುವುದಿಲ್ಲ, ಧ್ವನಿಯೂ ತಂಬೂರಿಯೂ ದಪ್ಪವಾಗುತ್ತವೆ.

ಇವೆರಡರ ನಡುವಿನ ದಾರಿ ಸ್ಟೆಮ್‌ಗಳದು, ಅಂದರೆ ಗುಂಪು ಗುಂಪಾಗಿ ಬೆರೆಸಿದ ಫೈಲ್‌ಗಳದು. ಧ್ವನಿ, ಪಕ್ಕವಾದ್ಯ, ತಂಬೂರಿ ಎಂದು ಮೂರು ಸ್ಟೀರಿಯೋ ಫೈಲ್‌ಗಳನ್ನು ತರಿಸಿಕೊಂಡರೆ ಮಾಸ್ಟರಿಂಗ್ ಮಾಡುವವರ ಕೈಗೆ ಅಗತ್ಯವಿರುವಷ್ಟು ಹಿಡಿತ ಸಿಗುತ್ತದೆ. ನಮ್ಮ ಸಂಗೀತದ ಮಟ್ಟಿಗೆ ತಂಬೂರಿಯನ್ನು ಪ್ರತ್ಯೇಕ ಸ್ಟೆಮ್ ಆಗಿ ಕೇಳುವುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಉಳಿದ ಎಲ್ಲ ತಿದ್ದುಪಡಿಗಳ ಪೆಟ್ಟು ಮೊದಲು ಬೀಳುವುದು ಅದರ ಮೇಲೆಯೇ.

ಅಗಲವೋ, ಕಿರಿದೋ

ಪ್ಯಾರಾಮೆಟ್ರಿಕ್ ಇಕ್ಯೂನಲ್ಲಿ ಕಂಪನಾಂಕ, ಪ್ರಮಾಣ, ಅಗಲ ಈ ಮೂರನ್ನೂ ನಾವೇ ನಿರ್ಧರಿಸುತ್ತೇವೆ. ಅಗಲವನ್ನು ಸೂಚಿಸುವ ಕ್ಯೂ ಎಂಬ ಸಂಖ್ಯೆ ಹೆಚ್ಚಾದಷ್ಟೂ ಪಟ್ಟಿ, ಅಂದರೆ ತಿದ್ದುಪಡಿ ತಾಗುವ ಕಂಪನಾಂಕಗಳ ಹರವು, ಕಿರಿದಾಗುತ್ತದೆ. ಈ ಸಂಖ್ಯೆಯನ್ನು ಸ್ವರಗಳ ಭಾಷೆಗೆ ತಂದುಕೊಂಡರೆ ಆಯ್ಕೆ ಸುಲಭವಾಗುತ್ತದೆ. ಕ್ಯೂ 0.67 ಎಂದರೆ ಸುಮಾರು ಎರಡು ಸ್ಥಾಯಿಗಳ ಅಗಲ; 1.41 ಎಂದರೆ ಒಂದು ಸ್ಥಾಯಿ, 4.3 ಎಂದರೆ ಸ್ಥಾಯಿಯ ಮೂರನೆಯ ಒಂದು ಭಾಗ, ಅಂದರೆ ನಾಲ್ಕು ಸ್ವರಸ್ಥಾನಗಳು; 17ಕ್ಕೆ ಏರಿದರೆ ಒಂದೇ ಸ್ವರಸ್ಥಾನ. ಎಲ್ಲ ತಂತ್ರಾಂಶಗಳೂ ಅಗಲವನ್ನು ಒಂದೇ ರೀತಿ ಅಳೆಯುವುದಿಲ್ಲವಾದ್ದರಿಂದ ಈ ಅಂಕಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ಅಂದಾಜಿಗೆ ಇಷ್ಟು ಸಾಕು.

ಈಗ ಒಂದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯ ಸಿ ಸ್ವರ) ಹಾಡುವ ಗಾಯಕರೊಬ್ಬರ ಮುದ್ರಣವನ್ನು ಊಹಿಸಿಕೊಳ್ಳೋಣ. ಅವರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್‌ನಲ್ಲಿದೆ. ತಂಬೂರಿಯ ಪಂಚಮದ ತಂತಿ 98ರಲ್ಲಿ, ಸಾರಣಿ ಮತ್ತು ಅನುಸಾರಣಿ ಎಂಬ ನಡುವಿನ ಎರಡು ಷಡ್ಜದ ತಂತಿಗಳು 131ರಲ್ಲಿ, ಮಂದ್ರ 65.4ರಲ್ಲಿ ಮಿಡಿಯುತ್ತವೆ. ಮಂದ್ರ ತಂತಿಯ ಐದನೆಯ ಹಾರ್ಮೋನಿಕ್, ಅಂದರೆ ಮೂಲಸ್ವರದ ಐದು ಪಟ್ಟಿನ ಅಧಿಸ್ವರ, 327 ಹರ್ಟ್ಸ್‌ಗೆ ಬರುತ್ತದೆ, ಮತ್ತು ಅದು ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಮೂಡುವ ಸ್ವಯಂಭೂ ಗಾಂಧಾರ ಎಂದು ನಮ್ಮ ಹಿರಿಯರು ಗುರುತಿಸಿದ್ದು ಇದೇ ಸರಣಿಯ ಸ್ವರವನ್ನು. ಇನ್ನು ಮಾಸ್ಟರಿಂಗ್ ಪಾಠಗಳಲ್ಲಿ ಮತ್ತೆ ಮತ್ತೆ ಸಿಗುವ ಸಲಹೆಯೊಂದನ್ನು ಇದರ ಪಕ್ಕದಲ್ಲಿಡಿ: 250ರಿಂದ 350 ಹರ್ಟ್ಸ್‌ನ ನಡುವೆ ಕೆಸರು ಸೇರಿರುತ್ತದೆ, ಅಲ್ಲೊಂದು ಕಡಿತ ಕೊಡಿ. ಗಿಟಾರ್, ಬೇಸ್, ಕೀಬೋರ್ಡ್‌ಗಳು ಒಂದರ ಮೇಲೊಂದು ಬೀಳುವ ಹಾಡಿಗೆ ಆ ಸಲಹೆ ಸರಿಯಾದದ್ದೇ. ಒಂದು ಮನೆ ಶ್ರುತಿಯ ಕಛೇರಿಯಲ್ಲಿ ಅದನ್ನು ಕಿರಿದಾದ ಪಟ್ಟಿಯಲ್ಲಿ ಪಾಲಿಸಿದರೆ ತಂಬೂರಿಯ ಗಾಂಧಾರವೇ ಮಂಕಾಗುತ್ತದೆ, ಮತ್ತು ಗಾಯಕರು ಕಲ್ಯಾಣಿಯಲ್ಲಿ ತಾರಸ್ಥಾಯಿಯ ಗಾಂಧಾರವನ್ನು ಮುಟ್ಟಿದಾಗಲೆಲ್ಲ ಧ್ವನಿ ಒಂದು ಮೆಟ್ಟಿಲು ಹಿಂದೆ ಸರಿದಂತೆ ಕೇಳುತ್ತದೆ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಮುದ್ರಣದಲ್ಲಿ ಒಂದು ಜಾಗ ಉಬ್ಬಿದಂತೆ ಕೇಳಿ, ಪಟ್ಟಿಯನ್ನು ಕಿರಿದು ಮಾಡಿ, ಏರಿಸಿಕೊಂಡು ಹುಡುಕಿ, ಸಿಕ್ಕ ಜಾಗದಲ್ಲಿ ಇಳಿಸಿ ತೃಪ್ತನಾಗಿದ್ದೆ. ಹಾಡಿದವರು ಕೇಳಿ ಹೇಳಿದ್ದು ಒಂದೇ ಮಾತು: ತಾರ ಷಡ್ಜಕ್ಕೆ ಹೋದಾಗ ನಾನು ಹೆದರಿ ಹಾಡಿದಂತೆ ಕೇಳುತ್ತಿದೆ. ನಾನು ಇಳಿಸಿದ್ದು 262 ಹರ್ಟ್ಸ್, ಅವರ ತಾರ ಷಡ್ಜದ ಮೇಲೆಯೇ. ಪಟ್ಟಿಯನ್ನು ಏರಿಸಿ ಹುಡುಕುವ ವಿಧಾನವೇ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಕಿರಿದಾಗಿ ಏರಿಸಿದ ಯಾವ ಕಂಪನಾಂಕವೂ ಕಿವಿಗೆ ಕೆಟ್ಟದ್ದಾಗಿಯೇ ಕೇಳುತ್ತದೆ, ಶ್ರುತಿಯ ಮೇಲೆ ಬಿದ್ದಾಗಲಂತೂ ಇನ್ನೂ ಹೆಚ್ಚು.

ಮೃದಂಗಕ್ಕೂ ಇದೇ ವಿಚಾರ ಅನ್ವಯಿಸುತ್ತದೆ. ಸಾಮಾನ್ಯ ಚರ್ಮವಾದ್ಯಗಳ ಅಧಿಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಗಡೆಯ ಕರಣೆಯ (ನಡುವೆ ಹಚ್ಚುವ ಕಪ್ಪು ಲೇಪ) ಭಾರ ಅವುಗಳನ್ನು ಹಾರ್ಮೋನಿಕ್ ಸರಣಿಗೆ ತರುತ್ತದೆ. ಇದನ್ನು ಸಿ.ವಿ. ರಾಮನ್ ಅವರು ಶಿವಕಾಲಿ ಕುಮಾರ್ ಅವರೊಂದಿಗೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತಿಳಿಸಿದ್ದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು. ಆ ವಾದ್ಯ ಶ್ರುತಿಗೆ ಸೇರುವುದು ಆ ಕೆಲವೇ ಹಾರ್ಮೋನಿಕ್‌ಗಳ ಪರಸ್ಪರ ಪ್ರಮಾಣದಿಂದ. ಅವುಗಳಲ್ಲಿ ಒಂದನ್ನು ಕಿರಿದಾದ ಕಡಿತದಿಂದ ಇಳಿಸಿದರೆ ಮೀಟುಗಳು ಒಣಗಿದ ಮರ ತಟ್ಟಿದಂತಾಗುತ್ತವೆ.

ಹೀಗಾಗಿ ನನ್ನ ಆಯ್ಕೆ ಸ್ಪಷ್ಟವಾಗಿದೆ: ಕ್ಯೂ 0.5ರಿಂದ 1ರ ಒಳಗಿನ ಅಗಲವಾದ ಪಟ್ಟಿ, ಅರ್ಧದಿಂದ ಒಂದೂವರೆ ಡೆಸಿಬೆಲ್‌ನ ಒಳಗಿನ ಪ್ರಮಾಣ. ಅಷ್ಟು ಅಗಲದಲ್ಲಿ ಯಾವ ಒಂದು ಸ್ವರವೂ ತನ್ನ ನೆರೆಯ ಸ್ವರದಿಂದ ಬೇರೆಯಾಗುವುದಿಲ್ಲ. ಇಡೀ ಸ್ಥಾಯಿ ಒಟ್ಟಿಗೆ ಏರುತ್ತದೆ ಅಥವಾ ಇಳಿಯುತ್ತದೆ. ಕಿರಿದಾದ ಪಟ್ಟಿಗೆ ನಾನು ಒಪ್ಪುವ ಒಂದೇ ಸಂದರ್ಭವೆಂದರೆ ಸಂಗೀತಕ್ಕೆ ಸೇರದ ಸದ್ದು, ಮುಖ್ಯವಾಗಿ ಕರೆಂಟಿನ ಗುಂಯ್ ಎನ್ನುವ ಸದ್ದು. ಅಲ್ಲಿಯೂ ಎಚ್ಚರ ಬೇಕು. ನಮ್ಮಲ್ಲಿ ವಿದ್ಯುತ್ ಜಾಲ 50 ಹರ್ಟ್ಸ್‌ನದ್ದಾದ್ದರಿಂದ ಆ ಸದ್ದು 50, 100, 150 ಎಂದು ಮೇಲೇರುತ್ತದೆ. ಒಂದು ಮನೆ ತಂಬೂರಿಯ ಪಂಚಮ 98ರಲ್ಲಿದ್ದು, 100ರ ಸದ್ದಿನೊಂದಿಗೆ ಸೆಕೆಂಡಿಗೆ ಎರಡು ಸಲ ತುಯ್ದಾಡುತ್ತದೆ. ಕ್ಯೂ 17ರಲ್ಲಿ 100ನ್ನು ಕತ್ತರಿಸಿದರೆ ಸುಮಾರು 97ರಿಂದ 103ರವರೆಗೆ ಹೋಗುತ್ತದೆ, ಅಂದರೆ ಪಂಚಮವೂ ಹೋಗುತ್ತದೆ. ಇಂಥ ಕಡೆ ಕ್ಯೂವನ್ನು 60–70ಕ್ಕೂ ಮೇಲೆ ಒಯ್ದು, ಪೂರ್ತಿ ಅಳಿಸುವ ಬದಲು ಕಿವಿಗೆ ಕಾಡದಷ್ಟು ಮಾತ್ರ ಇಳಿಸಬೇಕು. ಐದು ಮನೆ ಶ್ರುತಿಯ ಗಾಯಕಿಯರ ಮುದ್ರಣದಲ್ಲಿಯೂ ಇದೇ ಸಮಸ್ಯೆ ಎದುರಾಗುತ್ತದೆ, ಏಕೆಂದರೆ ಅಲ್ಲಿ ಮಂದ್ರ ತಂತಿಯೇ 98ರಲ್ಲಿರುತ್ತದೆ.

ಶೆಲ್ಫ್‌ಗಳ ನಡುವಿನ ಆಯ್ಕೆ

ಮುದ್ರಣ ಒಟ್ಟಾರೆ ಮಂಕಾಗಿದೆ ಅಥವಾ ತೀಕ್ಷ್ಣವಾಗಿದೆ ಎನಿಸಿದರೆ ಗಂಟೆಯಾಕಾರದ ಪಟ್ಟಿಗಿಂತ, ಒಂದು ಕಂಪನಾಂಕದಿಂದ ಆಚೆಗಿನದ್ದೆಲ್ಲವನ್ನೂ ಒಟ್ಟಿಗೆ ಏರಿಸುವ ಅಥವಾ ಇಳಿಸುವ ಶೆಲ್ಫ್ ಸೂಕ್ತ. ಪೀಟರ್ ಬಾಕ್ಸಂಡಲ್ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಸರ್ಕ್ಯೂಟ್ ಮುಂದೆ ಮನೆಮನೆಯ ಆಂಪ್ಲಿಫೈಯರ್‌ಗಳ ಬೇಸ್–ಟ್ರೆಬಲ್ ಗುಂಡಿಗಳಿಗೆ ಆಧಾರವಾಯಿತು. ಆ ಬಗೆಯ ಶೆಲ್ಫ್‌ನ ಇಳಿಜಾರು ಬಹಳ ನಿಧಾನವಾದದ್ದು; 10 ಕಿಲೋಹರ್ಟ್ಸ್‌ಗೆ ಒಂದು ಡೆಸಿಬೆಲ್ ಏರಿಸಿದರೆ ಅದರ ಏರು ಎಲ್ಲಿ ಶುರುವಾಯಿತು ಎಂದು ಕಿವಿಗೆ ತಿಳಿಯುವುದಿಲ್ಲ. ತಂಬೂರಿಯ ಕುದುರೆಯ ಮೇಲಿನ ನೂಲಿನಿಂದ ಹುಟ್ಟುವ ಝೇಂಕಾರ, ಗಾಯಕರ ಉಸಿರು, ಘಟದ ಉಗುರಿನ ಪೆಟ್ಟು ಇವೆಲ್ಲ ಅದರಲ್ಲಿ ಹದವಾಗಿ ಬೆಳಗುತ್ತವೆ. ಕಛೇರಿಯ ಮಾಸ್ಟರಿಂಗ್‌ಗೆ ಒಂದೇ ಒಂದು ಸಾಧನವನ್ನು ಇಟ್ಟುಕೊಳ್ಳಲು ಹೇಳಿದರೆ ನಾನು ಇದನ್ನೇ ಆರಿಸುತ್ತೇನೆ.

1951ರಲ್ಲಿ ಬಂದ ಪಲ್ಟೆಕ್ ಇಕ್ಯೂಪಿ–1ರ ಮಾದರಿಯ ಇಕ್ಯೂಗಳ ಸ್ವಭಾವ ಬೇರೆ. ಒಂದೇ ತಗ್ಗು ಕಂಪನಾಂಕದಲ್ಲಿ ಏರಿಸುವ ಮತ್ತು ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ತಿರುಗಿಸಬಹುದು. ಅವುಗಳ ವಕ್ರರೇಖೆಗಳು ಒಂದರ ಮೇಲೊಂದು ಸರಿಯಾಗಿ ಕೂರದ ಕಾರಣ ತಳ ಏರುತ್ತದೆ, ಅದರ ಮೇಲಿನ ಭಾಗದಲ್ಲಿ ಸಣ್ಣ ತಗ್ಗು ಬೀಳುತ್ತದೆ. ಬೇಸ್ ಗಿಟಾರ್, ಕೀಬೋರ್ಡ್, ತಬಲಾ ಇರುವ ಭಾವಗೀತೆಗೆ, ಸುಗಮ ಸಂಗೀತಕ್ಕೆ ಇದು ತುಂಬಾ ಚೆನ್ನಾಗಿ ಹೊಂದುತ್ತದೆ. ಕಛೇರಿಯಲ್ಲಿ 60 ಹರ್ಟ್ಸ್ ಏರಿಸಿದರೆ ಮೃದಂಗದ ಎಡಭಾಗದ ಗುಮ್ಕಿಯ (ಜಾರುವ ತಗ್ಗು ನಾದ) ಜೊತೆಗೆ ಮಂದ್ರ ತಂತಿಯೂ ಎದ್ದು ಬರುವುದರಿಂದ ನಾನು ಅದನ್ನು ಬಳಸುವುದಿಲ್ಲ. ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಮುಂದಿಟ್ಟ ಪ್ಯಾರಾಮೆಟ್ರಿಕ್ ವಿನ್ಯಾಸದ ವಂಶಕ್ಕೆ ಸೇರಿದ ಇಕ್ಯೂಗಳು ಇಂದು ಪ್ರತಿ ತಂತ್ರಾಂಶದಲ್ಲೂ ಇವೆ. ನಿಖರತೆ ಬೇಕಾದಾಗ ಅವೇ ಸರಿ, ಆದರೆ ಆ ನಿಖರತೆಯೇ ಬೇಡದ ಕಡೆ ಕೈ ಹಾಕಿಸುತ್ತದೆ. ಗೊತ್ತಾದ ಕಂಪನಾಂಕಗಳಿಗೆ ಸಾಲಾಗಿ ಒಂದೊಂದು ಗುಂಡಿಯಿರುವ ಗ್ರಾಫಿಕ್ ಇಕ್ಯೂ ಸಭಾಂಗಣದ ಧ್ವನಿವರ್ಧಕಕ್ಕಿರಲಿ. ಮಾಸ್ಟರಿಂಗ್‌ನಲ್ಲಿ ಅದಕ್ಕೆ ಕೆಲಸವಿಲ್ಲ.

44.1 ಕಿಲೋಹರ್ಟ್ಸ್‌ನ ಫೈಲ್‌ಗಳಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಧ್ವನಿಯ ಮೇಲಿನ ಮಿತಿ 22.05 ಕಿಲೋಹರ್ಟ್ಸ್ ಆಗಿರುವುದರಿಂದ ಕೆಲವು ಸರಳ ಡಿಜಿಟಲ್ ಇಕ್ಯೂಗಳಲ್ಲಿ 10ರ ಮೇಲಿನ ವಕ್ರರೇಖೆ ಆ ಗೋಡೆಗೆ ಒತ್ತಿಕೊಂಡು ಮುದುಡುತ್ತದೆ. ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಮಾದರಿ ದರದಲ್ಲಿ ಲೆಕ್ಕ ಮಾಡುವ ಸೌಲಭ್ಯ) ಇರುವ ಇಕ್ಯೂವನ್ನು ಆರಿಸಿಕೊಂಡರೆ ಮೇಲಿನ ಭಾಗ ಸಹಜವಾಗಿ ತೆರೆದುಕೊಳ್ಳುತ್ತದೆ.

ತಳವನ್ನು ಎಲ್ಲಿ ಕತ್ತರಿಸುವುದು

ಒಂದು ಕಂಪನಾಂಕಕ್ಕಿಂತ ಕೆಳಗಿನದ್ದನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು 80 ಅಥವಾ 100 ಹರ್ಟ್ಸ್‌ನಲ್ಲಿ ಇಡುವುದು ಧ್ವನಿಯೊಂದರ ಟ್ರ್ಯಾಕ್‌ಗೆ ರೂಢಿ. ಅದೇ ಅಭ್ಯಾಸವನ್ನು ಮಾಸ್ಟರ್‌ಗೆ ತಂದರೆ ಒಂದು ಮನೆ ತಂಬೂರಿಯ ಮಂದ್ರದ ಮೂಲಸ್ವರವೇ ಕಳೆದುಹೋಗುತ್ತದೆ, ಗಾಯಕರ ಮಂದ್ರ ಪಂಚಮವೂ ಸೊರಗುತ್ತದೆ. ಕಛೇರಿಯ ಮುದ್ರಣಕ್ಕೆ 25ರಿಂದ 30 ಹರ್ಟ್ಸ್‌ನಲ್ಲಿ ಸ್ಥಾಯಿಗೆ 12 ಡೆಸಿಬೆಲ್ ಇಳಿಜಾರು ಸಾಕು. ವೇದಿಕೆಯ ಮೇಲಿನ ಹೆಜ್ಜೆ, ಮೈಕಿಗೆ ಬಡಿದ ಗಾಳಿ ಅಷ್ಟರಲ್ಲೇ ತಗ್ಗುತ್ತವೆ. ತೀಕ್ಷ್ಣವಾದ ಹೈಪಾಸ್, ಫೇಸ್ (ಅಲೆಗಳ ಪರಸ್ಪರ ಕಾಲಸಂಬಂಧ) ಬದಲಾವಣೆಯಿಂದ ಅಲೆಯ ಶಿಖರಗಳನ್ನು ಎತ್ತರಿಸಲೂಬಹುದು. ಏನನ್ನೋ ತೆಗೆದರೂ ಪೀಕ್ ಮೀಟರ್ ಏಕೆ ಏರಿತು ಎಂದು ಗಾಬರಿಯಾಗುವವರಿಗೆ ಕಾರಣ ಇದೇ.

ಈ ತೀರ್ಮಾನವನ್ನು ಯಾವ ಕೋಣೆಯಲ್ಲಿ ಕುಳಿತು ಮಾಡುತ್ತೇವೆ ಎಂಬುದು ಬಹಳ ಮುಖ್ಯ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಗೋಡೆಗಳ ನಡುವಿನ ಮೊದಲ ಅನುರಣನೆಗಳು ಸುಮಾರು 56 ಮತ್ತು 47 ಹರ್ಟ್ಸ್‌ಗೆ ಬರುತ್ತವೆ. ಮೃದಂಗದ ತೊಪ್ಪಿಯ ಗುಮ್ಕಿಯೂ ಮಂದ್ರ ತಂತಿಯೂ ಅದೇ ನೆರೆಹೊರೆಯಲ್ಲಿವೆ. ಕುಳಿತ ಜಾಗ ಎರಡು ಅಡಿ ಸರಿದರೆ ತಳ ಉಬ್ಬುತ್ತದೆ ಅಥವಾ ಮಾಯವಾಗುತ್ತದೆ. ಅಂಥ ಕೋಣೆಯಲ್ಲಿ 100ಕ್ಕಿಂತ ಕೆಳಗಿನ ಯಾವ ತಿದ್ದುಪಡಿಯನ್ನೂ ಸ್ಪೀಕರ್‌ನ ಮಾತು ಮಾತ್ರ ನಂಬಿ ಮಾಡಬಾರದು. ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ ಎರಡೂ ಒಪ್ಪಿದರೆ ಮಾತ್ರ ಮುಂದುವರಿಯಬೇಕು.

ಮಿನಿಮಮ್ ಫೇಸ್, ಲೀನಿಯರ್ ಫೇಸ್

ತಂತ್ರಾಂಶಗಳಲ್ಲಿ ಕಾಣುವ ಈ ಎರಡು ಹೆಸರುಗಳ ನಡುವೆ ಹೊಸಬರು ಬಹಳ ತಡಕಾಡುತ್ತಾರೆ. ಲೀನಿಯರ್ ಎಂಬ ಮಾತಿನಲ್ಲೇ ಶುದ್ಧತೆಯ ಭರವಸೆ ಇರುವಂತೆ ಕೇಳುವುದರಿಂದ ಮಾಸ್ಟರಿಂಗ್ ಎಂದರೆ ಲೀನಿಯರ್ ಫೇಸ್ ಎಂಬ ನಂಬಿಕೆಯೂ ಹರಡಿದೆ. ಅದನ್ನು ನಾನು ಒಪ್ಪುವುದಿಲ್ಲ.

ಹಳೆಯ ಅನಲಾಗ್ ಇಕ್ಯೂಗಳೂ, ಹೆಚ್ಚಿನ ಡಿಜಿಟಲ್ ಇಕ್ಯೂಗಳೂ ಮಿನಿಮಮ್ ಫೇಸ್ ಬಗೆಯವು. ಅವು ಒಂದು ಕಂಪನಾಂಕವನ್ನು ಏರಿಸಿದಾಗ ಅದರ ಸುತ್ತಲಿನ ಅಲೆಗಳ ಕಾಲಸಂಬಂಧ ಸ್ವಲ್ಪ ಸರಿಯುತ್ತದೆ, ಮತ್ತು ಫಿಲ್ಟರಿನ ಅನುರಣನೆ ಪೆಟ್ಟಿನ ನಂತರ ಬರುತ್ತದೆ. ಲೀನಿಯರ್ ಫೇಸ್ ಇಕ್ಯೂ ಎಲ್ಲ ಕಂಪನಾಂಕಗಳನ್ನೂ ಒಂದೇ ಪ್ರಮಾಣದಲ್ಲಿ ತಡಮಾಡಿ ಆ ಸಂಬಂಧವನ್ನು ಕಾಪಾಡುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎರಡು. ಮೊದಲನೆಯದು ವಿಳಂಬ: 4096 ಮಾದರಿಗಳ ಉದ್ದದ ಫಿಲ್ಟರ್ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 46 ಮಿಲಿಸೆಕೆಂಡ್ ತಡಮಾಡುತ್ತದೆ; ಮಾಸ್ಟರಿಂಗ್‌ನಲ್ಲಿ ಇದು ತೊಂದರೆಯೇ ಅಲ್ಲ. ಎರಡನೆಯದು ಮಾತ್ರ ಗಂಭೀರವಾದದ್ದು. ಫಿಲ್ಟರಿನ ಅನುರಣನೆ ಪೆಟ್ಟಿನ ಹಿಂದೆ ಮತ್ತು ಮುಂದೆ ಸಮನಾಗಿ ಹಂಚಿಹೋಗುವುದರಿಂದ ಮೀಟು ಬೀಳುವ ಮೊದಲೇ ಅದರ ನೆರಳು ಕೇಳತೊಡಗುತ್ತದೆ.

ನಮ್ಮ ಕಿವಿ ಜೋರಾದ ಸದ್ದಿನ ನಂತರ ಬರುವ ಸಣ್ಣ ಸದ್ದನ್ನು ನೂರು, ಇನ್ನೂರು ಮಿಲಿಸೆಕೆಂಡ್‌ಗಳವರೆಗೂ ಮರೆಮಾಚಬಲ್ಲದು. ಅದರ ಮೊದಲು ಬರುವ ಸದ್ದನ್ನು ಮರೆಮಾಚುವುದು ಕೆಲವೇ ಮಿಲಿಸೆಕೆಂಡ್‌ಗಳಷ್ಟು. ಕಂಪನಾಂಕ ತಗ್ಗಿದಷ್ಟೂ, ಪಟ್ಟಿ ಕಿರಿದಾದಷ್ಟೂ, ಪ್ರಮಾಣ ಹೆಚ್ಚಿದಷ್ಟೂ ಈ ಮುನ್ನೆರಳು ಉದ್ದವಾಗುತ್ತದೆ. 60 ಹರ್ಟ್ಸ್‌ನ ಒಂದು ಅಲೆಯೇ ಸುಮಾರು 17 ಮಿಲಿಸೆಕೆಂಡ್ ಎಂದ ಮೇಲೆ ಅಂಥ ಕೆಲವು ಅಲೆಗಳು ಕಿವಿಗೆ ಮರೆಯಾಗಿ ಉಳಿಯಲಾರವು. ತನಿ ಆವರ್ತನದಲ್ಲಿ (ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಮೃದಂಗದ ಎಡಗೈಯ ಪೆಟ್ಟು ಖಚಿತವಾಗಿ ಬೀಳಬೇಕಾದ ಕಡೆ ಅದು ಹಿಟ್ಟಿನ ಮೇಲೆ ಬಿದ್ದಂತೆ ಮೆತ್ತಗಾಗುವುದನ್ನು ನಾನು ಈ ಕಾರಣದಿಂದ ಕೇಳಿದ್ದೇನೆ. ಆದ್ದರಿಂದ ಸಾಮಾನ್ಯ ತಿದ್ದುಪಡಿಗಳಿಗೆ, ಅದರಲ್ಲೂ 200 ಹರ್ಟ್ಸ್‌ನ ಕೆಳಗೆ, ಮಿನಿಮಮ್ ಫೇಸ್ ಇಕ್ಯೂವನ್ನೇ ಆರಿಸಬೇಕು. ಒಂದು ಡೆಸಿಬೆಲ್‌ನ ಅಗಲವಾದ ಪಟ್ಟಿಯಲ್ಲಿ ಅದು ತರುವ ಫೇಸ್ ಬದಲಾವಣೆ ಅತ್ಯಲ್ಪ.

ಲೀನಿಯರ್ ಫೇಸ್ ನಿಜವಾಗಿ ಬೇಕಾಗುವುದು ಒಂದೇ ಮುದ್ರಣದ ಎರಡು ಭಾಗಗಳನ್ನು ಬೇರೆಬೇರೆಯಾಗಿ ತಿದ್ದಿ ಮತ್ತೆ ಕೂಡಿಸುವಾಗ: ತಿದ್ದಿದ ಮತ್ತು ತಿದ್ದದ ಪ್ರತಿಗಳನ್ನು ಬೆರೆಸುವಾಗ, ಒಬ್ಬ ಗಾಯಕರಿಗೆ ಎರಡು ಮೈಕ್ ಇಟ್ಟ ಸ್ಟೆಮ್‌ಗಳಲ್ಲಿ ಒಂದನ್ನು ಮಾತ್ರ ತಿದ್ದುವಾಗ, ಮತ್ತು ಮುಂದೆ ಹೇಳುವ ಮಿಡ್–ಸೈಡ್ ವಿಧಾನದಲ್ಲಿ. ಅಲ್ಲಿ ಒಂದು ಭಾಗದ ಫೇಸ್ ಸರಿದು ಇನ್ನೊಂದರದು ಸರಿಯದಿದ್ದರೆ ಕೂಡುವಾಗ ಒಂದನ್ನೊಂದು ಅಳಿಸುತ್ತವೆ.

ಸ್ಥಿರವೋ, ಡೈನಾಮಿಕ್ಕೋ

ದೋಷ ಎಡೆಬಿಡದೆ ಇದ್ದರೆ ಸ್ಥಿರ ಇಕ್ಯೂ, ಆಗಾಗ ಮಾತ್ರ ಬಂದರೆ ಡೈನಾಮಿಕ್ ಇಕ್ಯೂ ಎಂಬುದು ಸರಳವಾದ ಸೂತ್ರ. ತಾರಸ್ಥಾಯಿಗೆ ಏರಿದಾಗ ಮಾತ್ರ 2.5ರಿಂದ 4 ಕಿಲೋಹರ್ಟ್ಸ್‌ನಲ್ಲಿ ಧ್ವನಿ ಚುಚ್ಚುತ್ತಿದ್ದರೆ, ಅಥವಾ ದಾಸರ ಪದಗಳಲ್ಲಿ ಸಾಲಾಗಿ ಬರುವ ಸಕಾರ, ಶಕಾರಗಳು 5ರಿಂದ 8ರ ನಡುವೆ ಸಿಡಿಯುತ್ತಿದ್ದರೆ, ಇಡೀ ಕಛೇರಿಯಲ್ಲಿ ಆ ಭಾಗವನ್ನು ಇಳಿಸಿ ಎಲ್ಲವನ್ನೂ ಮಂಕು ಮಾಡುವುದಕ್ಕಿಂತ ಆ ಕ್ಷಣಗಳಲ್ಲಿ ಮಾತ್ರ ಇಳಿಯುವಂತೆ ಮಾಡುವುದು ಮೇಲು. ಉಚಿತವಾಗಿ ಸಿಗುವ ಟಿಡಿಆರ್ ನೋವಾದಂಥ ತಂತ್ರಾಂಶದಲ್ಲೂ ಈ ಸೌಲಭ್ಯವಿದೆ.

ಇಲ್ಲಿಯೂ ತಂಬೂರಿ ಸಾಕ್ಷಿಯಂತೆ ಕುಳಿತಿರುತ್ತದೆ. ಗಾಯಕರು ಏರಿದಾಗ 3 ಕಿಲೋಹರ್ಟ್ಸ್ ಇಳಿದರೆ ತಂಬೂರಿಯ ಝೇಂಕಾರವೂ ಇಳಿಯುತ್ತದೆ, ಗಾಯಕರು ನಿಲ್ಲಿಸಿದ ಕೂಡಲೇ ಅದು ಮತ್ತೆ ಏಳುತ್ತದೆ. ಪಾಪ್ ಹಾಡಿನಲ್ಲಿ ಗಮನಕ್ಕೇ ಬಾರದ ಈ ಏರಿಳಿತ, ಹಿನ್ನೆಲೆಯಲ್ಲಿ ಒಂದೇ ಸಮನೆ ನುಡಿಯುವ ನಾದವಿರುವ ಕಡೆ ಯಾರೋ ಉಸಿರಾಡಿದಂತೆ ಕೇಳುತ್ತದೆ. ಆಲಾಪನೆಯಲ್ಲಿ ಮೃದಂಗವೂ ಇಲ್ಲದಿರುವುದರಿಂದ ಅದು ಇನ್ನಷ್ಟು ಬಯಲಾಗುತ್ತದೆ. ಇಳಿತವನ್ನು 2 ಡೆಸಿಬೆಲ್‌ಗೆ ಮಿತಿಗೊಳಿಸಿ, ಬಿಡುಗಡೆಯ ವೇಗವನ್ನು, ಅಂದರೆ ಇಳಿದದ್ದು ಮತ್ತೆ ಏಳುವ ವೇಗವನ್ನು, ತಂಬೂರಿಯೊಂದನ್ನೇ ಕಿವಿಯಲ್ಲಿ ಹಿಡಿದು ಹೊಂದಿಸಬೇಕು. ತಂಬೂರಿಯ ಸ್ಟೆಮ್ ಬೇರೆ ಇದ್ದರೆ ಈ ತೊಡಕೇ ಇರುವುದಿಲ್ಲ.

ಸ್ಟೀರಿಯೋ, ಮಿಡ್–ಸೈಡ್

ಎಡ–ಬಲಗಳ ಮೊತ್ತವನ್ನು ಮಿಡ್ ಎಂದೂ ವ್ಯತ್ಯಾಸವನ್ನು ಸೈಡ್ ಎಂದೂ ಬೇರ್ಪಡಿಸಿ ತಿದ್ದುವ ಈ ವಿಧಾನ, ನಡುವಿನಲ್ಲಿರುವ ಗಾಯಕರನ್ನು ಮಾತ್ರ ಮುಟ್ಟಬಲ್ಲದು ಎಂಬ ಭಾವನೆ ಹುಟ್ಟಿಸುತ್ತದೆ. ವಾಸ್ತವದಲ್ಲಿ ಒಂದು ಪಕ್ಕಕ್ಕೆ ಇಟ್ಟ ಮೃದಂಗ ಮಿಡ್‌ನಲ್ಲೂ ಇದೆ, ಸೈಡ್‌ನಲ್ಲೂ ಇದೆ. ಸೈಡ್‌ನಲ್ಲಿ ಒಂದು ಭಾಗವನ್ನು ಏರಿಸಿದರೆ ಆ ಭಾಗದ ಮೃದಂಗ ಎದುರಿನ ಚಾನೆಲ್‌ನಲ್ಲಿ ತಲೆಕೆಳಗಾದ ಅಲೆಯಾಗಿ ಕಾಣಿಸಿಕೊಳ್ಳುತ್ತದೆ. ವಾದ್ಯದ ಎಡಭಾಗ ಒಂದು ಕಡೆ, ಬಲಭಾಗ ಇನ್ನೊಂದು ಕಡೆ ಕುಳಿತಂತೆ ಕೇಳುತ್ತದೆ. ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಸೈಡ್ ಪೂರ್ತಿ ಅಳಿದುಹೋಗುವುದರಿಂದ ಏರಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಮೊದಲು ಸಾಮಾನ್ಯ ಸ್ಟೀರಿಯೋ ಇಕ್ಯೂನಿಂದ ಸಾಧ್ಯವೇ ಎಂದು ನೋಡಿ, ಸಭಾಂಗಣದ ಪ್ರತಿಧ್ವನಿ ತೀರ ಮಂದವಾಗಿ ಕವಿದಿದ್ದಾಗ ಸೈಡ್‌ನಲ್ಲಿ ಅಗಲವಾಗಿ ಒಂದು ಡೆಸಿಬೆಲ್ ಇಳಿಸುವುದಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಬೇಕು.

ಮಟ್ಟ ಸರಿಹೊಂದಿಸದೆ ಹೋಲಿಕೆಯಿಲ್ಲ

ಮೇಲಿನ ಯಾವ ಎರಡು ಆಯ್ಕೆಗಳನ್ನು ಹೋಲಿಸುವಾಗಲೂ ಎರಡರ ಧ್ವನಿಮಟ್ಟ ಒಂದೇ ಆಗಿರಬೇಕು. ಅರ್ಧ ಡೆಸಿಬೆಲ್ ಜೋರಾದದ್ದು ಕೂಡ ಜೋರು ಎಂದು ತಿಳಿಯದೆ ಉತ್ತಮ ಎಂದು ತಿಳಿಯುತ್ತದೆ. ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮುನ್ಸನ್ 1933ರಲ್ಲಿ ತೋರಿಸಿದಂತೆ ಮಟ್ಟ ಬದಲಾದರೆ ತಗ್ಗು ಮತ್ತು ಮೇಲಿನ ಕಂಪನಾಂಕಗಳಿಗೆ ಕಿವಿಯ ಸೂಕ್ಷ್ಮತೆಯೇ ಬದಲಾಗುತ್ತದೆ. ಮೆಲ್ಲಗೆ ಕೇಳುವಾಗ ಬಡವೆನಿಸಿದ ತಳ ಸಾಮಾನ್ಯ ಮಟ್ಟದಲ್ಲಿ ಸರಿಯಾಗಿಯೇ ಇರುತ್ತದೆ. ಕೋಣೆಯ ಒಂದು ಮಟ್ಟವನ್ನು ಗೊತ್ತು ಮಾಡಿಕೊಂಡು ಗುಂಡಿಗೆ ಗುರುತು ಹಾಕಿ, ಆ ಮಟ್ಟದಲ್ಲೇ ತೀರ್ಮಾನಿಸಬೇಕು. ಇಕ್ಯೂ ಹಾಕಿದ್ದು ಮತ್ತು ಹಾಕದ್ದು ಇವೆರಡನ್ನೂ ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮೀಟರ್‌ನಲ್ಲಿ ಸಮಗೊಳಿಸಿ, ಕಣ್ಣು ಮುಚ್ಚಿ ಬದಲಿಸುತ್ತಾ ಕೇಳಿದಾಗ ಯಾವುದು ಯಾವುದೆಂದು ತಿಳಿಯದಿದ್ದರೆ ಆ ತಿದ್ದುಪಡಿಯನ್ನು ತೆಗೆದುಹಾಕುತ್ತೇನೆ.

ಆ ಮೀಟರ್‌ನ ಲೆಕ್ಕದಲ್ಲಿ ಮೇಲಿನ ಕಂಪನಾಂಕಗಳಿಗೆ ಹೆಚ್ಚು ತೂಕವಿದೆ. ಸ್ಪಾಟಿಫೈನಂಥ ಸೇವೆಗಳು ಹಾಡುಗಳನ್ನು −14 ಲಫ್ಸ್‌ನ ಆಸುಪಾಸಿಗೆ ತರುವುದರಿಂದ, ಎದ್ದು ಕೇಳಲೆಂದು ತೀಕ್ಷ್ಣಗೊಳಿಸಿದ ಮುದ್ರಣದ ಮಟ್ಟವನ್ನು ಅವು ಇನ್ನಷ್ಟು ಇಳಿಸುತ್ತವೆ. ಯಾವುದೋ ಸಿನಿಮಾ ಹಾಡನ್ನು ಮಾದರಿಯಾಗಿಟ್ಟು ಅದರ ವಕ್ರರೇಖೆಗೆ ನಮ್ಮ ಮುದ್ರಣವನ್ನು ತಾನಾಗಿ ಹೊಂದಿಸುವ ತಂತ್ರಾಂಶಗಳಿಂದ ಕಛೇರಿಗೆ ಹಾನಿಯೇ ಹೆಚ್ಚು. ಬೇರೆ ಶ್ರುತಿಯ, ಬೇರೆ ವಾದ್ಯಗಳ ಸರಾಸರಿಯನ್ನು ಅವು ತಂಬೂರಿಯ ಮೇಲೆ ಹೇರುತ್ತವೆ. ಮಾದರಿ ಬೇಕೆಂದರೆ ಅದೇ ಶ್ರುತಿಯಲ್ಲಿ ಹಾಡಿದ ಒಳ್ಳೆಯ ಮುದ್ರಣವನ್ನು ಕಿವಿಯಿಂದ ಹೋಲಿಸಿ.

ಹಳೆಯ ಟೇಪುಗಳು

ಮನೆಯ ಅಟ್ಟದಲ್ಲಿ ಸಿಕ್ಕ ಸ್ಪೂಲ್ ಟೇಪುಗಳನ್ನು ಡಿಜಿಟಲ್‌ಗೆ ತರುವವರು ಇಕ್ಯೂಗೆ ಕೈ ಹಾಕುವ ಮೊದಲು ಅದನ್ನು ಯಾವ ಮಾನದಂಡದಲ್ಲಿ ಮುದ್ರಿಸಿದ್ದಾರೆ ಎಂದು ನೋಡಬೇಕು. ಸೆಕೆಂಡಿಗೆ ಏಳೂವರೆ ಇಂಚು ವೇಗದಲ್ಲಿ ಮೇಲಿನ ಭಾಗದ ಇಕ್ಯೂವನ್ನು ಗೊತ್ತುಪಡಿಸುವ ಕಾಲಾಂಕ ಯುರೋಪಿನ ಮಾನದಂಡದಲ್ಲಿ 70 ಮೈಕ್ರೋಸೆಕೆಂಡ್, ಅಮೆರಿಕದ್ದರಲ್ಲಿ 50. ಒಂದರಲ್ಲಿ ಮುದ್ರಿಸಿದ್ದನ್ನು ಇನ್ನೊಂದರಲ್ಲಿ ನುಡಿಸಿದರೆ ಮೇಲಿನ ಭಾಗ ಸುಮಾರು 3 ಡೆಸಿಬೆಲ್‌ನಷ್ಟು ತಪ್ಪುತ್ತದೆ. ಈ ತಪ್ಪನ್ನು ಯಂತ್ರದಲ್ಲಿಯೇ ಸರಿಪಡಿಸಬೇಕು, ಕಿವಿಯ ಅಂದಾಜಿನ ಶೆಲ್ಫ್‌ನಿಂದ ಅಲ್ಲ. 1954ರ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಮಾನದಂಡಕ್ಕೆ ಮೊದಲಿನ ಗ್ರಾಮಫೋನ್ ತಟ್ಟೆಗಳಿಗೂ ಇದೇ ಮಾತು: ಕಂಪನಿಗೊಂದು ವಕ್ರರೇಖೆ ಇದ್ದ ಕಾಲದ 78 ಆರ್‌ಪಿಎಂ ತಟ್ಟೆಯನ್ನು ಎಲ್‌ಪಿಗೆಂದು ಮಾಡಿದ ಪ್ರೀಆಂಪ್ಲಿಫೈಯರ್‌ನಲ್ಲಿ ನುಡಿಸಿದರೆ ಧ್ವನಿಯ ಬಣ್ಣ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಟೇಪಿನ ಹಿಸ್ ಸದ್ದನ್ನು ಇಳಿಸಲು ಮೇಲಿನ ಭಾಗವನ್ನು ಕತ್ತರಿಸಿದಾಗ ಮೊದಲು ಹೋಗುವುದು ತಂಬೂರಿಯ ಝೇಂಕಾರ, ಆಮೇಲೆ ಹಾಡಿದವರ ಉಸಿರು. ಹಿಸ್ ಕೊನೆಗೂ ಸ್ವಲ್ಪ ಉಳಿದೇ ಇರುತ್ತದೆ. ಹಾಗಾಗಿ ಇಂಥ ಮುದ್ರಣಗಳಿಂದ ಎರಡು ಫೈಲ್‌ಗಳನ್ನು ಮಾಡಬೇಕು. ಒಂದನ್ನು 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಯಾವ ಇಕ್ಯೂವನ್ನೂ ಸೋಕಿಸದೆ ತೆಗೆದು, ಟೇಪಿನ ವೇಗ, ಮಾನದಂಡ ಮತ್ತು ನುಡಿಸಿದ ಯಂತ್ರದ ವಿವರಗಳನ್ನು ಬರೆದು ಇಡಬೇಕು; ಇನ್ನೊಂದನ್ನು ಕೇಳುವವರಿಗಾಗಿ ತಿದ್ದಿ, ಯಾವ ಕಂಪನಾಂಕದಲ್ಲಿ ಎಷ್ಟು ಡೆಸಿಬೆಲ್ ತಿದ್ದಲಾಗಿದೆ ಎಂಬುದನ್ನು ಅದರ ಜೊತೆಯಲ್ಲೇ ಬರೆದಿಡಬೇಕು.